ನನ್ನ ಹೊಟ್ಟೆಯ ಮೇಲೆ ತಮ್ಮ ಕಲಿತ ಪಾಠ

ಪಾಮರ್ಸ್ಟನ್ ನಾರ್ತ್‌ನಲ್ಲಿ ರೆಸ್ಟ್ ಹೋಮ್ ಎಂಬ ವೃದ್ಧಾಶ್ರಮಗಳ ಕೆಲಸಕ್ಕೆ ಸೇರುವ ನಮ್ಮ ಕನ್ನಡದ ಹೆಣ್ಣುಮಕ್ಕಳು ಆಗಾಗ ಮನೆಗೆ ಬಂದು, "ಆಂಟಿ, ವಯಸ್ಸಾದವರನ್ನ ಎತ್ತಿ ಇಳಿಸಿ ಬೆನ್ನು ಹೋಗುತ್ತಂತೆ, ನಿಜಾನಾ?" ಎಂದು ಕೇಳುತ್ತಾರೆ. ಬೆನ್ನಿಗೆ ಈಗ ಯಂತ್ರಗಳಿವೆ, ಹೆದರಬೇಡಿ ಎಂದು ಹೇಳಿ ಟೀ ಕೊಟ್ಟು ಕಳಿಸುತ್ತೇನೆ. ಆದರೆ ಈ ಕೆಲಸದಲ್ಲಿ ನಾನು ನಿಜವಾಗಿ ಏನು ಕಲಿತೆ, ಕಲಿತದ್ದನ್ನು ನನ್ನ ಮನೆಯಲ್ಲೇ ಹೇಗೆ ಹಾಳು ಮಾಡಿಕೊಂಡೆ ಎಂಬುದನ್ನು ಯಾರಿಗೂ ಹೇಳಿಲ್ಲ. ಕೆಲಸ ಬಿಟ್ಟ ಮೇಲೆ ಬಿಡುವಾಗಿದೆ. ಓದಿದ್ದು ಗದಗಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮವರು ಇಲ್ಲಿಯ ಹಾಲಿನ ಪುಡಿ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಬಂದಾಗ ನಾನು ಅವರ ಹಿಂದೆ ಬಂದವಳು. ಮನೆಯಲ್ಲಿ ಕೂತು ಬೇಸರವಾಗಿ ಹತ್ತಿರದ ರೆಸ್ಟ್ ಹೋಮ್‌ನಲ್ಲಿ ಕೇರ್‌ಗಿವರ್ ಆಗಿ ಸೇರಿದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಊರು ಚಪ್ಪಟೆ, ಏರಿಲ್ಲ, ಆದರೆ ಎದುರುಗಾಳಿ ಬೀಸಿದರೆ ಏರಿಗಿಂತ ಕಷ್ಟ. ಅಲ್ಲಿದ್ದವರು ಹೆಚ್ಚಾಗಿ ಸುತ್ತಲಿನ ಫಾರ್ಮುಗಳಲ್ಲಿ ದುಡಿದು ವಯಸ್ಸಾದವರು. ಅವರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಉಣಿಸುವುದು ನಮ್ಮ ಕೆಲಸ.

ನನ್ನ ಮೊದಲ ದೊಡ್ಡ ತಪ್ಪು ಟಾಮ್ ಎಂಬ ಮುದುಕನ ವಿಷಯದಲ್ಲಿ ಆಯಿತು. ಅವನು ಕುರಿಗಳ ಉಣ್ಣೆ ಕತ್ತರಿಸುತ್ತಾ ಜೀವನ ಕಳೆದವನು. ದಿನಾ ಬೆಳಿಗ್ಗೆ ನಾನು ಹೇಗಿದ್ದೀರಿ ಎಂದು ಕೇಳಿದರೆ, "ಬಾಕ್ಸ್ ಆಫ್ ಬರ್ಡ್ಸ್, ಡಿಯರ್" ಅನ್ನುತ್ತಿದ್ದ. ಹಕ್ಕಿ ತುಂಬಿದ ಪೆಟ್ಟಿಗೆ. ಇಲ್ಲಿಯ ಹಳಬರ ಮಾತಿನಲ್ಲಿ ಅದು ತುಂಬಾ ಚೆನ್ನಾಗಿದ್ದೇನೆ ಎಂದು. ನಾನೂ ಖುಷಿಯಾಗಿ ಪಾಳಿ ಬದಲಾಗುವಾಗ ಟಾಮ್ ಚೆನ್ನಾಗಿದ್ದಾನೆ ಎಂದು ಹೇಳಿ ಮನೆಗೆ ಹೋಗುತ್ತಿದ್ದೆ. ಒಂದು ದಿನ ನಮ್ಮ ಮ್ಯಾನೇಜರ್ ಮಾರ್ಗರೆಟ್ ಅವನ ಕಾಲುಚೀಲ ಬಿಚ್ಚಿದಳು. ಹಿಮ್ಮಡಿ ಕಪ್ಪಾಗಿ ಹುಣ್ಣಾಗಿತ್ತು.

ಮಾರ್ಗರೆಟ್ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿ ಹಣ್ಣಾದವಳು. ದಪ್ಪ ದೇಹ, ಸಣ್ಣ ದನಿ. ಬೈಯಲಿಲ್ಲ. ಟಾಮ್‌ನ ಕಾಲಿಗೆ ಔಷಧ ಕಟ್ಟಿ, ನನ್ನನ್ನು ಎಲ್ಲ ಕೋಣೆಗಳಿಗೂ ಕರೆದುಕೊಂಡು ಹೋಗಿ ಪ್ರತಿಯೊಬ್ಬರ ಕಾಲುಚೀಲ ಬಿಚ್ಚಿಸಿದಳು. ಕೊನೆಗೆ ಹೇಳಿದಳು:

"ಇವರೆಲ್ಲ ನೋವು ಹೇಳೋದು ಅಸಭ್ಯ ಅಂದುಕೊಂಡು ಬೆಳೆದವರು. ನೀನು ಕೇಳಿದ್ದಕ್ಕೆ ಅವನು ಮರ್ಯಾದೆಯಿಂದ ಉತ್ತರ ಕೊಟ್ಟ, ಅಷ್ಟೇ. ಹೊರಳಿಸುವಾಗ ಯಾವ ಕೈ ಮಂಚದ ಕಂಬಿ ಹಿಡಿಯುತ್ತೆ ನೋಡು."

ಅಂದಿನಿಂದ ನಾನು ಕೇಳುವುದರ ಜೊತೆಗೆ ನೋಡುವುದನ್ನೂ ಕಲಿತೆ. ಯಾರು ಬಾಚಿಸಿಕೊಳ್ಳುವಾಗ ತಲೆ ಒಂದೇ ಕಡೆ ವಾಲಿಸುತ್ತಾರೆ, ಯಾರು ಟೋಸ್ಟ್‌ನ ಅಂಚು ಬಿಡಲು ಶುರು ಮಾಡಿದ್ದಾರೆ. ಹಲ್ಲು ನೋಯುತ್ತಿದ್ದರೆ ಅಂಚು ಬಿಡುತ್ತಾರೆ. ಹೊಸಬರಿಗೆ ನಾನು ಹೇಳುವ ಮುಖ್ಯ ಮಾತು ಇದೇ. ಇದನ್ನು ನಾನು ಚೆನ್ನಾಗಿಯೇ ಕಲಿತಿದ್ದೆ. ಅದಕ್ಕೇ ಮುಂದೆ ಬರೆಯಲಿರುವ ತಪ್ಪಿಗೆ ತಿಳಿಯದೆ ಆಯಿತು ಎಂಬ ನೆಪ ನನಗಿಲ್ಲ.

ಸ್ವಲ್ಪ ಕಾಲದ ನಂತರ ಎತ್ತುವ ಯಂತ್ರ ಬಂತು. ಅದಕ್ಕೆ ಹಾಯ್ಸ್ಟ್ ಅನ್ನುತ್ತಾರೆ. ಬೆನ್ನ ಕೆಳಗೆ ಬಟ್ಟೆಯ ಜೋಲಿ ಹಾಕಿ, ಗುಂಡಿ ಒತ್ತಿದರೆ ಮನುಷ್ಯ ಮೇಲೇಳುತ್ತಾನೆ. ಅಲ್ಲಿಯವರೆಗೆ ಇಬ್ಬರು ಎರಡು ಕಡೆ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದೆವು. ಟಾಮ್‌ನನ್ನು ಮೊದಲ ಸಲ ಜೋಲಿಯಲ್ಲಿ ಎತ್ತಿದಾಗ, ಗಾಳಿಯಲ್ಲಿ ಕಾಲು ಆಡಿಸುತ್ತಾ, "ಇಷ್ಟು ವರ್ಷ ಕುರಿಗಳಿಗೆ ಮಾಡಿದ್ದಕ್ಕೆಲ್ಲಾ ಈಗ ಲೆಕ್ಕ ತೀರಿಸ್ತಿದ್ದೀರಾ?" ಅಂದ. ಯಂತ್ರ ನಿಧಾನ. ಅವಸರವಿದ್ದಾಗ ನಾವು ಕದ್ದು ಹಳೆಯ ಹಾಗೆಯೇ ಎತ್ತುತ್ತಿದ್ದೆವು. ಒಮ್ಮೆ ಮಾರ್ಗರೆಟ್ ಕೈಗೆ ಸಿಕ್ಕಿಬಿದ್ದಾಗ ಅವಳು ನನ್ನನ್ನೇ ಜೋಲಿಯಲ್ಲಿ ಹಾಕಿ ಮೇಲೆತ್ತಿ, ಚಹಾ ಕುಡಿದು ಬರುತ್ತೇನೆ ಎಂದು ಹೋಗಿಬಿಟ್ಟಳು. ನೇತಾಡಿಕೊಂಡಿದ್ದಾಗ ಆ ಜೋಲಿಯಲ್ಲಿ ಇರುವವರಿಗೆ ಹೇಗನ್ನಿಸುತ್ತದೆ ಎಂದು ಗೊತ್ತಾಯಿತು. ಮತ್ತೆ ಕದ್ದು ಎತ್ತಲಿಲ್ಲ.

ಆಮೇಲೆ ಕೇರ್‌ಗಿವರುಗಳೂ ಪಾಠ ಓದಿ ಪಾಸಾಗಬೇಕು ಎಂಬ ನಿಯಮ ಬಂತು. ಇಂಗ್ಲಿಷ್ ಮಾತು ಹೇಗೋ ನಡೆಯುತ್ತಿತ್ತು, ಓದುವುದು ನನಗೆ ಗುಡ್ಡ. ಕೆಲಸ ಬಿಡಬೇಕು ಅಂದುಕೊಂಡಿದ್ದೆ. ಆಗ ಕೈ ಹಿಡಿದವನು ನನ್ನ ತಮ್ಮ ಬಸವರಾಜ.

ಬಸು ನನಗಿಂತ ಬಹಳ ಚಿಕ್ಕವನು. ಅವನು ಹುಟ್ಟಿದ ಮೇಲೆ ಅವ್ವ ಹಾಸಿಗೆ ಹಿಡಿದಳು. ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಆಡಿಸಲು ಯಾರಾದರೂ ಬೇಕಿತ್ತು, ಅದಕ್ಕೇ ನನ್ನ ಶಾಲೆ ನಿಂತದ್ದು. ಅದರ ಬೇಸರ ನನಗೆ ಯಾವತ್ತೂ ಇರಲಿಲ್ಲ, ಆದರೆ ಅವನ ಮನಸ್ಸಿನಲ್ಲಿ ಅದು ಕೂತಿತ್ತು. ಹುಬ್ಬಳ್ಳಿಯಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ, ಇಲ್ಲಿಯ ನೋಂದಣಿ ಮುಗಿಸಿ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ. ನಮ್ಮ ಹಿತ್ತಲಿನಲ್ಲಿದ್ದ ಒಂಟಿ ಕೋಣೆಯಲ್ಲಿ ಇದ್ದ. ನನ್ನ ಪಾಠಗಳನ್ನು ಓದಿ ಕನ್ನಡದಲ್ಲಿ ಹೇಳಿ, ನಾನು ಹೇಳಿದ ಉತ್ತರವನ್ನು ನನ್ನ ಕೈಯಿಂದಲೇ ಇಂಗ್ಲಿಷಿನಲ್ಲಿ ಬರೆಸಿದ. ಪಾಸಾದೆ. ಅವನು ಕುಣಿದುಬಿಟ್ಟ.

ಅವನಿಗೆ ಮುಂದೆ ಓದುವ ಆಸೆ. ಅಮೆರಿಕದಲ್ಲಿ ಫಿಜಿಶಿಯನ್ ಅಸಿಸ್ಟೆಂಟ್ ಎಂಬ ಕೆಲಸ ಇದೆಯಂತೆ. ಪದವಿಯ ಮೇಲೆ ಕೆಲವು ವರ್ಷ ಓದಿದರೆ ಡಾಕ್ಟರ ಜೊತೆ ನಿಂತು ರೋಗಿಯನ್ನು ಪರೀಕ್ಷೆ ಮಾಡಿ ಔಷಧಿ ಬರೆದುಕೊಡಬಹುದು. ಅಲ್ಲಿಗೆ ಅರ್ಜಿ ಹಾಕಲು ಕೆಲ ಕಾಲ ಒದ್ದಾಡಿದ. ಇಲ್ಲಿ ಆಗ ಅಂಥ ಕೋರ್ಸು ಇರಲಿಲ್ಲ. ಆದರೆ ನರ್ಸ್ ಪ್ರಾಕ್ಟೀಷನರ್ ಎಂದು ಹೆಚ್ಚುಕಡಿಮೆ ಅದೇ ಬಗೆಯ ಕೆಲಸ ಹೊಸದಾಗಿ ಬಂದಿತ್ತು. ನರ್ಸ್ ಆಗಿ ಅನುಭವ ಇದ್ದವರು ಸ್ನಾತಕೋತ್ತರ ಓದಬೇಕು, ಒಬ್ಬ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಕಲಿಸಲು ಒಪ್ಪಬೇಕು. ಡಾಕ್ಟರು ಕೈ ಬಿಟ್ಟರೆ ಓದೂ ನಿಲ್ಲುತ್ತದೆ. "ಇಲ್ಲೇ ಸಿಗ್ತಿದ್ರ ಅಷ್ಟು ದೂರ ಯಾಕ್ ಹೋಗ್ಲಿ ಅಕ್ಕಾ" ಎಂದು ಇದಕ್ಕೇ ಅರ್ಜಿ ಹಾಕಿದ.

ಸಂದರ್ಶನಕ್ಕೆ ನಮ್ಮ ಅಡುಗೆಮನೆಯಲ್ಲಿ ತಯಾರಿ ನಡೆಯಿತು. ನಮ್ಮವರು ಟೈ ಕಟ್ಟಿಕೊಂಡು ಸಂದರ್ಶನ ಮಾಡುವವರಾಗಿ ಕೂತರು. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತಾರೆ.

"ಮಿಸ್ಟರ್ ಬಸವರಾಜ್, ನೀವು ಡಾಕ್ಟರೇ ಯಾಕ ಆಗಲಿಲ್ಲ?"

"ಮಾಮಾ, ಇದನ್ನ ಅವ್ರು ಕೇಳೂದಿಲ್ಲ."

"ಕೇಳ್ತಾರ. ಮಾರ್ಕ್ಸ್ ಬೀಳಲಿಲ್ಲ ಅಂತ ಖರೇ ಹೇಳು."

"ರೀ, ಹುಡುಗನ್ನ ಹೆದರಸಬ್ಯಾಡ್ರಿ," ಎಂದು ನಾನು ಒಗ್ಗರಣೆ ಹಾಕುತ್ತಲೇ ಬೈದೆ.

ಅಲ್ಲಿ ಕೇಳಿದ್ದು ಬೇರೆಯೇ. ಕೆಲಸದಲ್ಲಿ ನೀನು ಮಾಡಿದ ಒಂದು ತಪ್ಪು ಹೇಳು ಎಂದು ಕೇಳಿದರಂತೆ. ನಮ್ಮ ಜನರಲ್ಲಿ ಕೆಲಸ ಕೇಳಲು ಹೋದಾಗ ತಪ್ಪು ಹೇಳಿಕೊಳ್ಳುವವರು ಯಾರಿದ್ದಾರೆ? ಬಸು ಬೆನ್ನು ನೆಟ್ಟಗೆ ಮಾಡಿ, ಇದುವರೆಗೆ ಏನೂ ತಪ್ಪು ಮಾಡಿಲ್ಲ ಅಂದನಂತೆ. ಆ ವರ್ಷ ಸೀಟು ಸಿಗಲಿಲ್ಲ. ಯಾಕೆ ಎಂದು ಫೋನಿನಲ್ಲಿ ಕೇಳಿದಾಗ, ತಪ್ಪು ಕಾಣದವನ ಕೈಗೆ ಔಷಧಿ ಬರೆಯುವ ಅಧಿಕಾರ ಕೊಡಲು ನಮಗೆ ಧೈರ್ಯ ಬರಲಿಲ್ಲ ಎಂದರಂತೆ. ಮುಂದಿನ ವರ್ಷ ಹೋಗಿ, ಒಬ್ಬರ ಡ್ರಿಪ್ಪಿನ ವೇಗ ತಪ್ಪಾಗಿ ಇಟ್ಟು ಆಮೇಲೆ ತಾನೇ ಹೋಗಿ ಹಿರಿಯ ನರ್ಸಿಗೆ ತಿಳಿಸಿದ್ದನ್ನು ಹೇಳಿದ. ಸೀಟು ಸಿಕ್ಕಿತು. ಆ ಸಂಜೆ ನಾವು ಗೋಧಿ ಹುಗ್ಗಿ ಮಾಡಿ ಉಂಡೆವು.

ಓದು ಶುರುವಾದ ಮೇಲೆ ಅವನಿಗೆ ರೋಗಿಯ ಮೈ ಪರೀಕ್ಷೆ ಮಾಡುವ ವಿಷಯ ಬಂತು. ಎದೆ, ಬೆನ್ನು, ಹೊಟ್ಟೆ. ಮೊದಲು ನೋಡಬೇಕು, ಆಮೇಲೆ ಸ್ಟೆತಾಸ್ಕೋಪಿನಿಂದ ಕೇಳಬೇಕು, ಬೆರಳಿನಿಂದ ತಟ್ಟಬೇಕು, ಕೊನೆಗೆ ಒತ್ತಿ ನೋಡಬೇಕು. ತಪ್ಪಿದ್ದು ಯಾವುದು ಎಂದು ತಿಳಿಯಬೇಕಾದರೆ ಮೊದಲು ಸರಿಯಿರುವ ಮೈ ಹೇಗಿರುತ್ತದೆ ಎಂದು ಕೈಗೆ ಗೊತ್ತಾಗಬೇಕು, ನೂರಾರು ಸಲ ಮುಟ್ಟಿ ನೋಡಿ ಎಂದು ಅವರ ಮೇಡಂ ಹೇಳಿದ್ದರಂತೆ. ಕಾಲೇಜಿಗೆ ಹೋಗುವುದು ಅಪರೂಪ. ಮನೆಯಲ್ಲಿ ಮುಟ್ಟಲು ಯಾರಿದ್ದಾರೆ? ಮಾಮಾನ ಹೊಟ್ಟೆ ದೊಡ್ಡದು, ಏನೂ ಕೈಗೆ ಹತ್ತುವುದಿಲ್ಲ ಎಂದು ಬಿಟ್ಟ.

"ಅಕ್ಕಾ, ನೀ ಮಲಗ್ತೀ ಏನು?"

ನನಗೆ ನಾಚಿಕೆಯಾಯಿತು. ದಿನವೂ ಬೇರೆಯವರ ಮೈ ತೊಳೆಯುವವಳೇ, ಆದರೆ ತಮ್ಮನ ಮುಂದೆ ಹೊಟ್ಟೆ ತೆರೆದು ಮಲಗುವುದೆಂದರೆ? ಕೊನೆಗೆ ಒಂದು ಏರ್ಪಾಡಾಯಿತು. ಭಾನುವಾರ ಮಧ್ಯಾಹ್ನ, ನಮ್ಮವರು ಸೋಫಾದಲ್ಲಿ ಕೂತು ರಗ್ಬಿ ನೋಡುತ್ತಿರುವಾಗ, ಕೆಳಗೆ ಕಾರ್ಪೆಟ್ಟಿನ ಮೇಲೆ ನಾನು ಮೇಲಿನ ಸ್ವೆಟ್‌ಶರ್ಟ್ ಸ್ವಲ್ಪ ಎತ್ತಿ, ಸೊಂಟದಿಂದ ಕೆಳಗೆ ಟವೆಲ್ ಹೊದ್ದು ಮಲಗುತ್ತಿದ್ದೆ. ಬಸು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಶುರು ಮಾಡುತ್ತಿದ್ದ.

"ಇದು ಲಿವರ್. ಇಲ್ಲಿ ದನಿ ಮಂದ ಆತು, ಕೇಳಿದೇನು ಅಕ್ಕಾ? ಇದು ನಾರ್ಮಲ್."

"ಬೆಳಿಗ್ಗೆ ತಿಂದ ಇಡ್ಲಿ ಎಲ್ಲೈತಿ ನೋಡು," ಎಂದು ನಮ್ಮವರು ಟಿವಿಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು.

"ಅದು ಮುಂದ ಹೋತು ಮಾಮಾ. ಈಗ ಜಂಕ್ಷನ್ ದಾಟೇತಿ."

ಹೀಗೆ ವಾರವಾರ ನಡೆಯಿತು. ಕ್ಲಾಸಿನಲ್ಲಿ ಎಲ್ಲರಿಗೂ ಬಸು, "ನಮ್ಮಕ್ಕನೇ ನನ್ನ ನಾರ್ಮಲ್" ಎಂದು ಹೇಳಿದ್ದನಂತೆ. ಅದನ್ನು ಕೇಳಿ ನನಗೆ ಆದ ಹಿಗ್ಗು ಹೇಳತೀರದು. ಏಳನೆಯ ತರಗತಿಯವಳು ವಿಶ್ವವಿದ್ಯಾಲಯದ ಪಾಠಪುಸ್ತಕ ಆಗಿದ್ದೆ. ಕೆಲಸದಲ್ಲಿ ಟಾಮ್‌ಗೂ ಹೇಳಿದೆ, ಮಾರ್ಗರೆಟ್‌ಗೂ ಹೇಳಿದೆ.

ಆ ವರ್ಷದ ಯುಗಾದಿಗೆ ಇಲ್ಲಿಯ ಕನ್ನಡದವರೆಲ್ಲ ಸೇರಿ ಊಟ ಇಟ್ಟುಕೊಂಡಿದ್ದೆವು. ಮಿರ್ಚಿ ಭಜಿ ತಿಂದು ಬಂದ ಸಂಜೆ ಬಲಪಕ್ಕೆಯ ಕೆಳಗೆ ಹಿಡಿದುಕೊಂಡಿತು. ಬೆನ್ನವರೆಗೂ ಹೋಗಿ, ಸ್ವಲ್ಪ ಹೊತ್ತಿಗೆ ಬಿಟ್ಟಿತು. ಗ್ಯಾಸ್ ಎಂದುಕೊಂಡು ಫಾರ್ಮಸಿಯಿಂದ ಮಾತ್ರೆ ತಂದು ತಿಂದೆ. ಮತ್ತೆ ಬಂತು. ಎಣ್ಣೆ ತಿಂದಾಗಲೆಲ್ಲ ಬಂತು. ಎಣ್ಣೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಬಸು ಪುಸ್ತಕ ಬಿಟ್ಟು ನನ್ನ ಹಿಂದೆ ಓಡಾಡುತ್ತಾನೆ ಎಂಬುದು ನಾನು ನನಗೆ ಕೊಟ್ಟುಕೊಂಡ ಕಾರಣ.

ಒಂದು ಭಾನುವಾರ ಅವನು, "ಅಕ್ಕಾ, ದೊಡ್ಡದಾಗಿ ಉಸಿರು ತಗೋ" ಎಂದು ಬಲಪಕ್ಕೆಯ ಕೆಳಗೆ ಬೆರಳು ಊರಿದ. ಅರ್ಧ ಉಸಿರಿಗೆ ನೋವು ಚುಚ್ಚಿ ಹೊಟ್ಟೆ ತಾನೇ ಬಿಗಿಯಿತು.

"ನೋವಾತೇನು?"

ಅವನ ಮುಖ ನನ್ನ ಮೇಲೆ ಬಾಗಿತ್ತು. ಈಗ ಹೌದೆಂದರೆ ನಾನು ಅವನ ನಾರ್ಮಲ್ ಅಲ್ಲ. ಮುಂದಿನ ಭಾನುವಾರದಿಂದ ಬೇರೆ ಯಾರನ್ನೋ ಹುಡುಕಿಕೊಳ್ಳುತ್ತಾನೆ. ನನ್ನ ಮನಸ್ಸಿನಲ್ಲಿ ಬಂದದ್ದು ಇದು. ಅವನ ಓದಿನ ಚಿಂತೆಯಲ್ಲ.

"ಇಲ್ಲೋ. ಕಚಗುಳಿ," ಎಂದು ನಕ್ಕೆ.

"ಕಚಗುಳಿಗೆ ಇಷ್ಟ್ ಬಿಗೀತೈತಿ?"

"ಹೆಣ್ಣಮಕ್ಕಳ ಹೊಟ್ಟಿ ನಿನಗೇನ್ ಗೊತ್ತೋ. ಅಲ್ಲಿ ಎಲ್ಲಾರಿಗೂ ಹಂಗ."

ಅವನು ತಲೆಯಾಡಿಸಿದ. ಒಬ್ಬೊಬ್ಬರ ನಾರ್ಮಲ್ ಒಂದೊಂದು ಥರ ಎಂದು ಅವರ ಮೇಡಂ ಹೇಳಿದ್ದರು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಆ ಜಾಗಕ್ಕೆ ಬಂದಾಗ ನಾನು ನಗುತ್ತಾ ಬಿಗಿಯುತ್ತಿದ್ದೆ, ಅವನು, "ಬಂತು ನೋಡು ಅಕ್ಕನ ಕಚಗುಳಿ" ಎಂದು ಮುಂದೆ ಹೋಗುತ್ತಿದ್ದ. ನೋವು ಮುಚ್ಚಿಡುವುದರಲ್ಲಿ ಟಾಮ್‌ಗಿಂತ ನಾನು ಜಾಣೆಯಾದೆ. ನನ್ನ ಒಂದು ಕೈ ಟವೆಲಿನ ಒಳಗಿರುತ್ತಿತ್ತು. ಅದು ಏನು ಹಿಡಿದುಕೊಳ್ಳುತ್ತಿತ್ತು ಎಂದು ಅವನಿಗೆ ಕಾಣುವಂತಿರಲಿಲ್ಲ.

ಅವನಿಗೆ ಕಲಿಸಲು ಒಪ್ಪಿದ್ದವರು ಊರಾಚೆಯ ಒಂದು ಕ್ಲಿನಿಕ್ಕಿನ ಡಾಕ್ಟರಮ್ಮ. ಕಡಿಮೆ ಮಾತಿನವರು, ಕೆಲಸದಲ್ಲಿ ಬಿಗಿ. ಬಸು ಮೊದಲು ರೋಗಿಯನ್ನು ನೋಡಿ ಹೇಳಬೇಕು, ಆಮೇಲೆ ಅವರು ನೋಡುತ್ತಾರೆ. ಒಂದು ದಿನ ನನ್ನ ವಯಸ್ಸಿನ ಹೆಂಗಸೊಬ್ಬಳು ಹೊಟ್ಟೆ ಉಬ್ಬರ ಎಂದು ಬಂದಳು. ತರಕಾರಿ ತೋಟದಲ್ಲಿ ಕೆಲಸ ಮಾಡುವವಳು. ಬಸು ಬಲಪಕ್ಕೆಯ ಕೆಳಗೆ ಒತ್ತಿದಾಗ ಅವಳು ಬಿಗಿದು, ಸುಮ್ಮನೆ ನಕ್ಕಳಂತೆ. ನೋವಿಲ್ಲ, ಹೊಟ್ಟೆ ಮೆತ್ತಗಿದೆ ಎಂದು ಇವನು ಹೇಳಿದ. ಡಾಕ್ಟರಮ್ಮ ಒತ್ತಿದಾಗ ಅವಳ ಉಸಿರು ಅಲ್ಲೇ ನಿಂತು ಕಣ್ಣಲ್ಲಿ ನೀರು ಬಂತು. ಪಿತ್ತಕೋಶದಲ್ಲಿ ಕೀವಾಗಿತ್ತು. ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದರು. ಅವಳು ಉಳಿದಳು, ಗುಣವಾದಳು. ಆದರೆ ಬಸುವಿನ ಮಾತು ಕೇಳಿ ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಇಬ್ಬರಿಗೂ ಗೊತ್ತಿತ್ತು.

"ಬಿಗಿದದ್ದು ನಿನ್ನ ಕೈಗೆ ಗೊತ್ತಾಗಲಿಲ್ವಾ?" ಎಂದು ಕೇಳಿದರಂತೆ.

"ಗೊತ್ತಾಯಿತು. ಅದು ಸಹಜ ಅಂದುಕೊಂಡೆ. ನಮ್ಮ ಅಕ್ಕನಿಗೂ ಅಲ್ಲಿ ಹಾಗೇ ಆಗುತ್ತೆ."

ಡಾಕ್ಟರಮ್ಮ ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ ತಿರುಗಿದರಂತೆ. "ಹಾಗಾದರೆ ನಿನ್ನ ಅಕ್ಕನನ್ನ ನಾನು ನೋಡಬೇಕು. ನಾಳೆ ಕರೆದುಕೊಂಡು ಬಾ."

ಬಸು ನೇರ ಮನೆಗೆ ಬಂದ. ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಗಾಳಿಗೆ ಚಾದರ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವನು ನಡೆದದ್ದೆಲ್ಲ ನಿಂತಲ್ಲೇ ಹೇಳಿದ.

"ಅಕ್ಕಾ, ಖರೇ ಹೇಳು. ನಿನಗ ಅಲ್ಲಿ ನೋವೈತೇನು?"

"ಹುಚ್ಚಾ. ಕಚಗುಳಿ ಅಂತ ಹೇಳಿಲ್ಲೇನು?"

"ಹಂಗಾದ್ರ ನಾಳೆ ಬಾ, ಡಾಕ್ಟರ್ ನೋಡ್ಲಿ. ಇಷ್ಟೇ ಕೇಳಾಕತ್ತೀನಿ."

ಹೋದರೆ ಆ ಡಾಕ್ಟರಮ್ಮನ ಬೆರಳಿಗೆ ಎಲ್ಲ ಗೊತ್ತಾಗುತ್ತದೆ. ತರಕಾರಿ ತೋಟದ ಆ ಹೆಂಗಸಿನ ಪಾಡಿಗೆ ನಾನೇ ಕಾರಣ ಎಂದೂ ಗೊತ್ತಾಗುತ್ತದೆ. ನಾನು ಕ್ಲಿಪ್ಪು ಬಾಯಲ್ಲಿಟ್ಟುಕೊಂಡಿದ್ದೆ. ಅದನ್ನು ತೆಗೆದು ಸುಳ್ಳು ಹೇಳಿದೆ.

"ಹೋದ ತಿಂಗಳ ನಮ್ಮ ಡಾಕ್ಟರ್ ಹತ್ರ ಹೋಗಿದ್ದೆ. ಸ್ಕ್ಯಾನ್ ಮಾಡ್ಯಾರ. ಏನೂ ಇಲ್ಲಂತ."

"ಸ್ಕ್ಯಾನ್? ನನಗ ಹೇಳ್ಲೇ ಇಲ್ಲ?"

"ಏನೂ ಇಲ್ಲಂದ ಮ್ಯಾಲೆ ಏನ್ ಹೇಳೂದು?"

ಅವನು ನಂಬಿದ. ಅಕ್ಕ ಹೇಳಿದ್ದನ್ನು ನಂಬಬಾರದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ನನ್ನ ಜೊತೆ ಉಳಿದ ಬಟ್ಟೆಗಳನ್ನೂ ಒಣಹಾಕಿ ಒಳಗೆ ಹೋದ.

ಮರುದಿನ ಕ್ಲಿನಿಕ್ಕಿನಲ್ಲಿ, ಅಕ್ಕನಿಗೆ ಸ್ಕ್ಯಾನ್ ಆಗಿದೆ, ಏನೂ ತೊಂದರೆ ಇಲ್ಲ ಎಂದು ಹೇಳಿದ. ಡಾಕ್ಟರಮ್ಮನಿಗೆ ಅದು ಬೇರೆಯಾಗಿ ಕೇಳಿಸಿತು. ಈ ಹುಡುಗನ ಕೈಗೆ ಏನೂ ತಿಳಿಯಲಿಲ್ಲ, ಸಿಕ್ಕಿಬಿದ್ದಾಗ ಅಕ್ಕನ ಹೆಸರು ಹೇಳಿದ, ಈಗ ಅದನ್ನೂ ಬದಲಿಸುತ್ತಿದ್ದಾನೆ. ತಪ್ಪಾದದ್ದಕ್ಕೆ ಬೇಸರವಿಲ್ಲ, ಅದಕ್ಕೆ ಕಾರಣ ಕಟ್ಟಿದ್ದಕ್ಕೆ ಬೇಸರ ಎಂದು ಹೇಳಿ, ಇನ್ನು ಮುಂದೆ ಕಲಿಸಲಾರೆ ಅಂದರು. ವರ್ಷದ ನಡುವೆ ಬೇರೆ ಡಾಕ್ಟರು ಸಿಗಲಿಲ್ಲ. ಬಸು ಓದು ಬಿಟ್ಟು ವಾರ್ಡಿನ ಕೆಲಸಕ್ಕೆ ಮರಳಿದ.

ಆ ದಿನಗಳಲ್ಲಿ ಅವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೂರುತ್ತಿದ್ದ. "ನನ್ನ ಕೈ ದಡ್ಡ ಐತಿ ಅಕ್ಕಾ. ಬುದ್ಧಿ ಎಷ್ಟಿದ್ರೇನು," ಎಂದು ಒಂದು ಸಲ ಅಂದ. ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಬಾಯಿ ಬಿಡಲಿಲ್ಲ. ಕಚಗುಳಿ ಅಂದದ್ದಕ್ಕೆ, ಸ್ಕ್ಯಾನ್ ಅಂದದ್ದಕ್ಕೆ ಏನಾದರೂ ಕಾರಣ ಹೇಳಬಹುದು. ಆ ರೊಟ್ಟಿ ಹಾಕಿದ್ದಕ್ಕೆ ಹೇಳಲು ನನ್ನ ಹತ್ತಿರ ಇಂದಿಗೂ ಏನೂ ಇಲ್ಲ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ರೆಸ್ಟ್ ಹೋಮ್‌ನಲ್ಲಿ ಚಾದರದ ಗಾಡಿ ತಳ್ಳುತ್ತಿದ್ದವಳು ಅಲ್ಲೇ ಕುಸಿದೆ. ಕಣ್ಣು ಹಳದಿಯಾಗಿದೆ ಎಂದು ಮಾರ್ಗರೆಟ್ ಆಂಬುಲೆನ್ಸ್ ಕರೆಸಿದಳು. ಬಸು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಒಯ್ದರು. ಅವನು ಓಡಿ ಬಂದು ನನ್ನ ಮಂಚದ ಪಕ್ಕ ನಿಂತ. ಎಳೆಯ ಡಾಕ್ಟರೊಬ್ಬ ಕೇಳುತ್ತಾ ಹೋದ. ಎಲ್ಲಿ ನೋವು, ಎಲ್ಲಿಗೆ ಹರಡುತ್ತದೆ, ಏನು ತಿಂದರೆ ಬರುತ್ತದೆ.

"ಎಷ್ಟು ಕಾಲದಿಂದ ಇದೆ?"

ಸುಳ್ಳು ಹೇಳಲು ಆಗ ಮೈಯಲ್ಲಿ ಶಕ್ತಿ ಇರಲಿಲ್ಲ. "ಹೋದ ವರ್ಷದ ಯುಗಾದಿಯಿಂದ," ಎಂದೆ. ಆ ಡಾಕ್ಟರನಿಗೆ ಯುಗಾದಿ ಗೊತ್ತಾಗಲಿಲ್ಲ. ಬಸು ಇಂಗ್ಲಿಷಿನಲ್ಲಿ, "ಒಂದು ವರ್ಷಕ್ಕಿಂತ ಹೆಚ್ಚು" ಎಂದು ಬಿಡಿಸಿ ಹೇಳಿದ. ಹೇಳುವಾಗ ಅವನ ದನಿ ಸರಿಯಾಗಿಯೇ ಇತ್ತು.

"ಮೊದಲು ಸ್ಕ್ಯಾನ್ ಆಗಿದೆಯಾ?"

ನಾನು ಛಾವಣಿ ನೋಡುತ್ತಾ, "ಇಲ್ಲ" ಅಂದೆ.

ನನ್ನ ಕೈಗೆ ಚುಚ್ಚಿದ್ದ ಡ್ರಿಪ್ಪಿನ ನಳಿಕೆ ಮಡಚಿಕೊಂಡಿತ್ತು. ಬಸು ಅದನ್ನು ನೇರ ಮಾಡಿ ಹೊರಗೆ ಹೋದ.

ಪಿತ್ತಕೋಶ ತೆಗೆದರು. ಎರಡು ದಿನ ಅವನು ತನ್ನ ಪಾಳಿ ಮುಗಿಸಿ ಬಂದು, ನನ್ನ ಚಾರ್ಟ್ ನೋಡಿ, ಹೋಗುತ್ತಿದ್ದ. ಮೂರನೆಯ ದಿನ ಕುರ್ಚಿ ಎಳೆದುಕೊಂಡು ಕೂತ.

"ಆ ಹೆಣ್ಣಮಗಳ ಹೊಟ್ಟಿ ಮ್ಯಾಲೆ ಕೈ ಇಟ್ಟಾಗ ನನ್ನ ಕೈಗೆ ನೀನ ನೆನಪಾದಿ ಅಕ್ಕಾ. ಅದಕ್ಕ ಬಿಟ್ಟೆ. ಹೆದರಬ್ಯಾಡಮ್ಮಾ, ಏನಿಲ್ಲ ಅಂತ ಆಕಿಗೆ ಹೇಳಿಬಿಟ್ಟೆ."

"ನಾನು ಹೋಗಿ ಡಾಕ್ಟರಮ್ಮಗ ಹೇಳ್ತೀನಿ, ಬಸು. ಎಲ್ಲಾ ಹೇಳ್ತೀನಿ."

"ಬ್ಯಾಡ."

"ಯಾಕ?"

"ಕಾರಣ ಕಟ್ಟಿ ಹೇಳ್ತೀ ಅಂತ ಒಮ್ಮೆ ಅಂದಾರ. ಈಗ ಅಕ್ಕನ್ನೂ ಕರ್ಕೊಂಡು ಹೋಗ್ಲೇನು?"

ಅವನು ಬೇಡ ಅಂದದ್ದು ನನಗೆ ಅನುಕೂಲವಾಯಿತು. ಅವನಿಗೆ ತಿಳಿಯದ ಹಾಗೆ ಒಬ್ಬಳೇ ಹೋಗಿ ಹೇಳಬಹುದಿತ್ತು. ಸೈಕಲ್ಲಿನಲ್ಲಿ ಹೋಗುವಷ್ಟೇ ದೂರ. ಹೋಗಲಿಲ್ಲ. ಆ ಡಾಕ್ಟರಮ್ಮ ಆಮೇಲೆ ಊರು ಬಿಟ್ಟರು ಎಂದು ಕೇಳಿದೆ. ನನ್ನ ತಮ್ಮ ನೆಪ ಹೇಳುವವನು ಎಂದೇ ತಿಳಿದುಕೊಂಡು ಹೋಗಿರುತ್ತಾರೆ.

ಬಸು ವೆಲಿಂಗ್ಟನ್ ಕಡೆ ಕೆಲಸ ಹಿಡಿದು ಜಾನ್ಸನ್‌ವಿಲ್‌ನಲ್ಲಿ ಮನೆ ಮಾಡಿದ. ಕೆಲವು ವರ್ಷ ಬಿಟ್ಟು ಅದೇ ಓದಿಗೆ ಮತ್ತೆ ಅರ್ಜಿ ಹಾಕಿದ. ಮೊದಲ ಸಲ ಯಾಕೆ ಬಿಟ್ಟೆ ಎಂದು ಸಂದರ್ಶನದಲ್ಲಿ ಕೇಳದೆ ಇರುತ್ತಾರೆಯೇ? ಏನು ಹೇಳಿದೆ ಎಂದು ನಾನು ಅಂಜುತ್ತಾ ಕೇಳಿದೆ. "ಒಬ್ಬರ ಮೈ ಒಂದನ್ನ ನೋಡಿ ಎಲ್ಲಾರ ಮೈ ಹಂಗ ಅಂದ್ಕೊಂಡಿದ್ದೆ, ಅದು ನನ್ನ ತಪ್ಪು ಅಂತ ಹೇಳಿದೆ," ಅಂದ. ನನ್ನ ಹೆಸರು ಅಲ್ಲಿ ಬರಲಿಲ್ಲ. ಸೀಟು ಸಿಕ್ಕಿತು. ಈ ಸಲ ಅವನು ಸಹಪಾಠಿಗಳ ಹೊಟ್ಟೆ, ಪಕ್ಕದ ಮನೆಯವರ ಹೊಟ್ಟೆ, ತನ್ನ ಹೆಂಡತಿಯ ಹೊಟ್ಟೆ, ವಾರಕ್ಕೊಮ್ಮೆ ಚರ್ಚಿನ ಸಭಾಂಗಣದಲ್ಲಿ ಇಸ್ಪೀಟು ಆಡುವ ಮುದುಕರ ಹೊಟ್ಟೆ, ಸಿಕ್ಕವರನ್ನೆಲ್ಲ ಒಪ್ಪಿಸಿ ಮಲಗಿಸಿ ಕಲಿತ. ನಾನು ಒಂದು ಸಲ ಅವನ ಮನೆಗೆ ಹೋದಾಗ ಧೈರ್ಯ ಮಾಡಿ, "ನಾನೂ ಮಲಗ್ಲೇನೋ? ಈಗ ಅಲ್ಲೇನೂ ಉಳಿದಿಲ್ಲ, ನಾನೂ ನಾರ್ಮಲ್" ಅಂದೆ.

ಅವನು ನಕ್ಕ. ಎಷ್ಟೋ ಕಾಲದ ಮೇಲೆ ನನ್ನ ಮುಂದೆ ನಕ್ಕದ್ದು. "ನಿನ್ನ ಹೊಟ್ಟಿ ನಾರ್ಮಲ್ ಆಗೇತಿ ಅಕ್ಕಾ. ಬಾಯಿ ಆಗಿಲ್ಲ."

ಅವನ ಹೆಂಡತಿ ಗದರಿದಳು. ಅವನು ನಗುತ್ತಲೇ ನನ್ನ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದ. ಮಾತು ತಮಾಷೆಯದೇ. ಆದರೆ ನನ್ನನ್ನು ಮಲಗು ಅನ್ನಲಿಲ್ಲ.

ಅವನೀಗ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಪ್ರಾಕ್ಟೀಷನರ್. ಹೊಟ್ಟೆನೋವೆಂದು ಬಂದವರನ್ನು ಅವನು ಬೇಗ ಮನೆಗೆ ಕಳಿಸುವುದಿಲ್ಲ ಎಂದು ಅವನ ಹೆಂಡತಿ ಹೇಳುತ್ತಾಳೆ. ಭಾನುವಾರ ತಪ್ಪದೆ ಫೋನ್ ಮಾಡುತ್ತಾನೆ. ನನ್ನ ಜೊತೆ ಹವೆಯ ಮಾತು, ಅಡುಗೆಯ ಮಾತು, ಗದಗಿನವರ ಸುದ್ದಿ ಎಲ್ಲ ಆಡುತ್ತಾನೆ. ಹೇಗಿದ್ದೀ ಎಂದು ಮಾತ್ರ ಕೇಳುವುದಿಲ್ಲ. ಕೊನೆಗೆ, "ಮಾಮಾಗ ಕೊಡು" ಅನ್ನುತ್ತಾನೆ. ನಾನು ಫೋನ್ ಕೊಟ್ಟು ಎದುರಿಗೆ ನಿಲ್ಲುತ್ತೇನೆ. ಅಕ್ಕ ಹೆಂಗದಾಳ ಎಂದು ಅವನು ಅಲ್ಲಿಂದ ಕೇಳುತ್ತಾನೆ, ನಮ್ಮವರು ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ, ಕಣ್ಣು ನೋಡಿ, ತಮಗೆ ಕಂಡದ್ದನ್ನು ಹೇಳುತ್ತಾರೆ. ಅವರು ಹೇಳಿ ಮುಗಿಸುವವರೆಗೆ ನಾನು ಮುಖ ತಿರುಗಿಸುವುದಿಲ್ಲ.